ಜೌಗಿನ ಮೇಲೆ ಹಳಿ: ಎಣ್ಣೆಯ ಕಥೆಯಲ್ಲಿ ಯಾರಿದ್ದಾರೆ, ಯಾರಿಲ್ಲ?

ಹೋದ ಬೇಸಿಗೆಯಲ್ಲಿ ಉತ್ತರ ಜರ್ಮನಿಯ ಒಂದು ಜೌಗುಪ್ರದೇಶದಲ್ಲಿ ಪುಟ್ಟ ರೈಲೊಂದನ್ನು ಹತ್ತಿದ್ದೆ. ಪ್ರವಾಸಿಗರಿಗಾಗಿ ಓಡಿಸುವ ರೈಲು. ಎರಡು ಹಳಿಗಳ ನಡುವೆ ಒಬ್ಬ ಮನುಷ್ಯ ಕಾಲು ಅಗಲಿಸಿ ನಿಲ್ಲುವಷ್ಟು ಜಾಗ, ಅಷ್ಟೇ. ಎಂಜಿನ್ ಅಂದರೆ ನಮ್ಮೂರ ಟ್ರ್ಯಾಕ್ಟರಿಗಿಂತ ಚಿಕ್ಕದು. ಜೊತೆಗೆ ಗೆಳೆಯನ ಮಗ ಇದ್ದ, ಎಂಟು ವರ್ಷದವ. ರೈಲು ಹೊರಟು ಎರಡು ನಿಮಿಷ ಆಗಿರಲಿಲ್ಲ, ಕೇಳಿದ: "ಅಂಕಲ್, ಇದು ನಿಜವಾದ ಟ್ರೇನಾ, ಆಟದ್ದಾ?"

"ನಿಜವಾದ್ದೇ ಕಣೋ" ಅಂದೆ.

"ಹಾಗಾದ್ರೆ ಇದು ಎಲ್ಲಿಗೆ ಹೋಗುತ್ತೆ?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ರೈಲು ಒಂದು ಸುತ್ತು ಹಾಕಿ, ನಾವು ಹತ್ತಿದ ಜಾಗಕ್ಕೇ ತಂದು ಇಳಿಸಿತು. ಹುಡುಗ ನನ್ನ ಮುಖ ನೋಡಿದ. 'ನೋಡಿದ್ಯಾ, ಆಟದ್ದೇ' ಅನ್ನೋ ನೋಟ.

ಈ ಬರಹ ಆ ಎರಡನೇ ಪ್ರಶ್ನೆಯ ಬಗ್ಗೆ. ಒಂದು ಕಾಲದಲ್ಲಿ ಇಂಥ ರೈಲುಗಳು ನಿಜವಾಗಿಯೂ ಎಲ್ಲಿಗೋ ಹೋಗುತ್ತಿದ್ದವು. ಕೆಲವು ಪೀಟ್ ಅಗೆಯುವ ಗುಂಡಿಗೆ ಹೋದರೆ, ಕೆಲವು ಎಣ್ಣೆ ಬಾವಿಯ ಬುಡಕ್ಕೆ ಹೋಗುತ್ತಿದ್ದವು. ಅವುಗಳ ಕಥೆಯನ್ನು ನಾವು ಇವತ್ತು ಮ್ಯೂಸಿಯಂಗಳಲ್ಲಿ, ರೈಲು ಪ್ರಿಯರ ಪುಸ್ತಕಗಳಲ್ಲಿ, ಸಿನಿಮಾದಲ್ಲಿ ಹೇಗೆ ಹೇಳುತ್ತಿದ್ದೇವೆ? ಆ ಹೇಳುವ ಬಗೆಯ ಮೇಲೆ ನನಗೊಂದು ತಕರಾರಿದೆ.

ಮೊದಲು ನೆಲ

ಜರ್ಮನ್ ಭಾಷೆಯಲ್ಲಿ 'ಮೋರ್' ಅಂತಾರೆ. ಕನ್ನಡದಲ್ಲಿ ಜೌಗು ಅನ್ನಬಹುದು, ಆದರೆ ನಮ್ಮ ಜೌಗಿಗೂ ಇದಕ್ಕೂ ಒಂದು ವ್ಯತ್ಯಾಸ ಇದೆ. ಇದು ಬರೀ ಕೆಸರಲ್ಲ. ಸ್ಫ್ಯಾಗ್ನಮ್ ಅನ್ನೋ ಪಾಚಿ ಸಾವಿರಾರು ವರ್ಷ ನೀರಿನಲ್ಲಿ ಬೆಳೆದು, ಸತ್ತು, ಕೊಳೆಯದೆ ಒಂದರ ಮೇಲೊಂದು ಕೂತ ಪದರ. ಇದಕ್ಕೆ ಪೀಟ್ ಅಂತ ಹೆಸರು. ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ. ಅಂದರೆ ಒಂದು ಮೀಟರ್ ದಪ್ಪದ ಪೀಟ್ ಆಗೋದಕ್ಕೆ ಸಾವಿರ ವರ್ಷ. ಹಸಿ ಪೀಟ್‌ನಲ್ಲಿ ಹತ್ತಕ್ಕೆ ಒಂಬತ್ತು ಪಾಲು ಬರೀ ನೀರು. ಮೇಲೆ ನಿಂತು ಜಿಗಿದರೆ ಪಕ್ಕದಲ್ಲಿರುವ ಗಿಡ ಅಲ್ಲಾಡುತ್ತದೆ.

ಇಂಥ ನೆಲದ ಮೇಲೆ ಲಾರಿ ಓಡಿಸೋಕೆ ಆಗಲ್ಲ. ದೋಣಿ ನಡೆಸೋಣ ಅಂದರೆ ಅಷ್ಟು ನೀರೂ ಇಲ್ಲ. ಹಾಗಾದರೆ ಭಾರ ಸಾಗಿಸೋದು ಹೇಗೆ? ಮಲೆನಾಡಿನ ಕಡೆಯವರಿಗೆ ಇದರ ಉತ್ತರ ಗೊತ್ತಿರುತ್ತೆ. ಕೆಸರು ಗದ್ದೆ ದಾಟಬೇಕಾದರೆ ಅಡಿಕೆ ದಬ್ಬೆ ಹಾಸ್ತಾರೆ. ಕಾಲಿನ ಭಾರ ಒಂದೇ ಕಡೆ ಬೀಳದೆ ದಬ್ಬೆಯುದ್ದಕ್ಕೂ ಹರಡುತ್ತೆ, ಕಾಲು ಹೂತುಹೋಗಲ್ಲ. ಹಳಿ ಮಾಡೋದೂ ಇದೇ ಕೆಲಸವನ್ನೇ.

ಒಂದು ಅಂದಾಜು ಲೆಕ್ಕ ಹಾಕೋಣ. 70 ಕಿಲೋ ತೂಕದ ಮನುಷ್ಯ ನಡೆಯುವಾಗ ಒಂದು ಪಾದದ ಮೇಲೆ ನಿಂತ ಕ್ಷಣ ನೆಲದ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 0.35 ಕಿಲೋ ಒತ್ತಡ ಬೀಳುತ್ತದೆ. ಲಾರಿಯ ಟೈರಿನ ಕೆಳಗೆ ಹತ್ತಿರ ಹತ್ತಿರ 7 ಕಿಲೋ. ಈಗ ನಾಲ್ಕು ಟನ್ ಭಾರದ ಒಂದು ಪುಟ್ಟ ವ್ಯಾಗನ್ ತಗೊಳ್ಳಿ. ಅದರ ಭಾರ ಮೂರು ಮರದ ಸ್ಲೀಪರುಗಳ ಮೇಲೆ ಹಂಚಿಹೋಗಲಿ, ಒಂದೊಂದು ಸ್ಲೀಪರ್ 1.2 ಮೀಟರ್ ಉದ್ದ, 20 ಸೆಂಟಿಮೀಟರ್ ಅಗಲ. ಆಗ ನೆಲಕ್ಕೆ ತಟ್ಟುವುದು ಚದರ ಸೆಂಟಿಮೀಟರಿಗೆ ಅರ್ಧ ಕಿಲೋಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ನಾಲ್ಕು ಟನ್ ಭಾರ ಒಬ್ಬ ಮನುಷ್ಯನ ಹೆಜ್ಜೆಗಿಂತ ಸ್ವಲ್ಪವೇ ಹೆಚ್ಚು ಒತ್ತಡದಲ್ಲಿ ಹೋಗುತ್ತಿದೆ ಅಂತ ಆಯ್ತಲ್ಲ! ಚಲಿಸುವ ಗಾಡಿಯ ಕುಲುಕಾಟ ಸೇರಿಸಿದರೆ ಲೆಕ್ಕ ಬದಲಾಗುತ್ತೆ, ನಿಜ. ಆದರೆ ಲಾರಿಗೂ ಇದಕ್ಕೂ ಇರುವ ಅಂತರ ಮಾತ್ರ ಹಾಗೇ ಉಳಿಯುತ್ತೆ.

ಜರ್ಮನರು ಇದನ್ನು 'ಫೆಲ್ಡ್‌ಬಾನ್' ಅಂತ ಕರೆಯುತ್ತಾರೆ. ಪದಕ್ಕೆ ಪದ ಇಟ್ಟರೆ 'ಹೊಲದ ರೈಲು'. ಫ್ರಾನ್ಸಿನಲ್ಲಿ ಇದಕ್ಕೆ ಹೆಸರು ತಂದವನು ಪಾಲ್ ದೆಕೊವಿಲ್. 1875ರಲ್ಲಿ ಅವನ ಹೊಲದ ಬೀಟ್‌ರೂಟ್ ಬೆಳೆ ಕಟಾವಿಗೆ ಬಂದಿತ್ತು, ನೆಲ ಮಾತ್ರ ನೆಂದು ಕೆಸರಾಗಿತ್ತು, ಗಾಡಿಗಳು ಹೂತುಹೋಗುತ್ತಿದ್ದವು. ಕೈಯಿಂದಲೇ ಎತ್ತಿ ಬೇರೆ ಕಡೆ ಹಾಸಬಹುದಾದ ಹಗುರ ಹಳಿಗಳನ್ನು ಮಾಡಿಸಿ ಬೆಳೆ ಹೊರಗೆ ತಂದ. ಮುಂದೆ ಅದೇ ಅವನ ಕಾರ್ಖಾನೆಯ ದೊಡ್ಡ ವ್ಯಾಪಾರ ಆಯಿತು. ಹುಟ್ಟಿನಿಂದಲೇ ಇದು ಕೆಸರಿನ ರೈಲು. ಚಿಕ್ಕದಾಗಿರೋದು ಮುದ್ದಾಗಿ ಕಾಣಲಿ ಅಂತ ಅಲ್ಲ. ಕೆಳಗಿನ ನೆಲ ಅದಕ್ಕಿಂತ ದೊಡ್ಡದನ್ನು ಹೊರಲಾರದು, ಅದಕ್ಕೇ ಚಿಕ್ಕದು.

ಆಮೇಲೆ ಎಣ್ಣೆ

ಜರ್ಮನಿ ಮತ್ತು ನೆದರ್‌ಲ್ಯಾಂಡ್ಸ್ ಗಡಿಯ ಎರಡೂ ಕಡೆ ಹಬ್ಬಿದ್ದ ದೊಡ್ಡ ಜೌಗಿನ ಹೆಸರು ಬೂರ್ಟಾಂಗರ್ ಮೋರ್. ಜರ್ಮನಿಯ ಕಡೆ ಎಮ್ಸ್‌ಲಾಂಡ್ ಜಿಲ್ಲೆ, ಡಚ್ ಕಡೆ ಡ್ರೆಂತೆ ಪ್ರಾಂತ್ಯ. ಶತಮಾನಗಳ ಕಾಲ ಎರಡೂ ಕಡೆ ಬಡತನಕ್ಕೆ ಹೆಸರಾದ ಸೀಮೆ. 1943ರಲ್ಲಿ ಡಚ್ ಕಡೆಯ ಸ್ಕೋನೆಬೇಕ್ ಊರಿನ ಬಳಿ ಎಣ್ಣೆ ಸಿಕ್ಕಿತು. 1949ರಲ್ಲಿ ಗಡಿಯ ಈಚೆ, ಜರ್ಮನಿಯ ರ್ಯೂಲೆ ಬಳಿ ಸಿಕ್ಕಿತು. ಆ ಕ್ಷೇತ್ರದ ಜೌಗಿನ ಭಾಗವನ್ನು ರ್ಯೂಲರ್‌ಮೋರ್ ಅಂತ ಕರೆಯುತ್ತಾರೆ.

ಈ ಎಣ್ಣೆ ಕೊಲ್ಲಿ ದೇಶಗಳ ಎಣ್ಣೆಯ ಹಾಗಲ್ಲ. ಬೆಲ್ಲದ ಪಾಕ ಆರಿದ ಮೇಲೆ ಹೇಗಿರುತ್ತೋ ಹಾಗೆ, ಗಟ್ಟಿ. ತಾನಾಗಿ ಚಿಮ್ಮೋದಿಲ್ಲ, ಪಂಪ್ ಹಾಕಿ ಎಳೆಯಬೇಕು. ಮುಂದೆ 1980ರ ಹೊತ್ತಿಗೆ ರ್ಯೂಲರ್‌ಮೋರ್‌ನಲ್ಲಿ ಬಿಸಿ ಹಬೆಯನ್ನು ನೆಲದೊಳಕ್ಕೆ ಬಿಟ್ಟು ಎಣ್ಣೆಯನ್ನು ತೆಳುವಾಗಿಸಿ ತೆಗೆಯೋಕೆ ಶುರುಮಾಡಿದರು. ಸ್ಕೋನೆಬೇಕ್‌ನಲ್ಲಿ 1996ರವರೆಗೆ ಸುಮಾರು 25 ಕೋಟಿ ಬ್ಯಾರೆಲ್ ತೆಗೆದರು. ಆದರೂ ನೆಲದೊಳಗಿನ ಒಟ್ಟು ಎಣ್ಣೆಯಲ್ಲಿ ಅದು ಕಾಲು ಭಾಗ ಮಾತ್ರ. 2011ರಲ್ಲಿ ಹಬೆಯ ವಿಧಾನದಿಂದ ಅಲ್ಲಿ ಮತ್ತೆ ಕೆಲಸ ಶುರುವಾಯಿತು.

ಗಟ್ಟಿ ಎಣ್ಣೆಯ ಬಾವಿ ಅಂದರೆ ಒಂದು ಸಲ ಕೊರೆದು ಮರೆಯುವಂಥದ್ದಲ್ಲ. ಪಂಪಿನ ಸರಳು ತುಂಡಾಗುತ್ತೆ, ಒಳಗಿನ ಕೊಳವೆ ಕಟ್ಟಿಕೊಳ್ಳುತ್ತೆ, ತಲೆ ಆಡಿಸುವ ಆ ಯಂತ್ರಕ್ಕೆ ಗ್ರೀಸ್ ಹಚ್ಚಬೇಕು. ಯಾರಾದರೂ ದಿನಾ ಹೋಗಿ ನೋಡಲೇಬೇಕು. ಕೊಳವೆ, ಸರಳು, ರಿಪೇರಿಯ ಸಾಮಾನು ಬಾವಿಯ ತನಕ ತಲುಪಬೇಕು. ರಸ್ತೆ ನಿಲ್ಲದ ಜೌಗಿನಲ್ಲಿ ಈ ಕೆಲಸಕ್ಕೆ ಕಿರಿದಾದ ಹಳಿಯೇ ದಾರಿ. ರ್ಯೂಲರ್‌ಮೋರ್‌ನಲ್ಲಿ ಪೀಟ್ ರೈಲಿನ ಜಾಣ್ಮೆಯೇ ಎಣ್ಣೆ ಬಾವಿಯ ಚಾಕರಿಗೆ ಬಂತು. ಎಣ್ಣೆ ಪೈಪಿನಲ್ಲಿ ಹೋಗುತ್ತೆ. ಎಣ್ಣೆ ಬರೋ ಹಾಗೆ ನೋಡಿಕೊಳ್ಳುವ ಜನ ಮತ್ತು ಕಬ್ಬಿಣ ಹಳಿಯ ಮೇಲೆ ಹೋಗುತ್ತೆ.

ಆ ತಲೆ ಆಡಿಸುವ ಪಂಪಿಗೆ ಡಚ್ಚರು ಇಟ್ಟ ಹೆಸರು 'ಯಾ-ಕ್ನಿಕರ್'. 'ಹೌದು ಹೌದು ಅಂತ ತಲೆಯಾಡಿಸುವವನು' ಅಂತ ಅರ್ಥ. ನಮ್ಮಲ್ಲಿ ಅದಕ್ಕೆ ಸಿದ್ಧ ಪದವೇ ಇದೆ: ಕೋಲೆಬಸವ. ಒಡೆಯ ಏನು ಕೇಳಿದರೂ ಹೂಂ ಅಂತ ತಲೆ ಹಾಕುವ ಎತ್ತು. ಎಣ್ಣೆಯ ಬಗ್ಗೆ ನಾವು ಹೇಳಿಕೊಳ್ಳುವ ಬಹಳಷ್ಟು ಕಥೆಗಳೂ ಕೋಲೆಬಸವನ ಹಾಗೇ ತಲೆ ಆಡಿಸುತ್ತವೆ. ನನ್ನ ತಕರಾರು ಇರೋದು ಅಲ್ಲಿ.

ರೈಲು ಪ್ರಿಯರ ಕಣ್ಣು

ಚಿಕ್ಕ ಹಳಿಗಳ ಬಗ್ಗೆ ಜರ್ಮನ್, ಡಚ್, ಇಂಗ್ಲಿಷ್ ಭಾಷೆಗಳಲ್ಲಿ ರಾಶಿ ರಾಶಿ ಪುಸ್ತಕ ಇವೆ. ಬರೆದವರಲ್ಲಿ ಹೆಚ್ಚಿನವರು ಹವ್ಯಾಸಿಗಳು. ಅವರ ಶ್ರಮಕ್ಕೆ ನನ್ನ ಗೌರವ ಇದೆ. ಅವರಿಲ್ಲದಿದ್ದರೆ ಈ ಎಂಜಿನ್‌ಗಳೆಲ್ಲ ಗುಜರಿಗೆ ಹೋಗಿರುತ್ತಿದ್ದವು. ಹಳಿಯ ಅಗಲ 600 ಮಿಲಿಮೀಟರಾ 900 ಮಿಲಿಮೀಟರಾ, ಎಂಜಿನ್ ಡಾಯ್ಟ್ಸ್ ಕಂಪನಿಯದಾ ಇಲ್ಲಾ ಡೀಪ್‌ಹೋಲ್ಟ್ಸ್ ಊರಿನ ಶೋಮಾದಾ, ಯಾವ ವರ್ಷ ತಯಾರಾಯ್ತು, ಕಾರ್ಖಾನೆಯ ನಂಬರ್ ಎಷ್ಟು, ಎಲ್ಲವನ್ನೂ ಪ್ರಾಣ ಬಿಟ್ಟು ಹುಡುಕಿ ಬರೆದಿಟ್ಟಿದ್ದಾರೆ.

ಆದರೆ ಇಂಥ ಪುಸ್ತಕಗಳ ಪುಟ ತಿರುವುತ್ತಾ ಹೋದರೆ ಒಂದು ವಿಚಿತ್ರ ಕಾಣುತ್ತೆ. ಚಿತ್ರದ ಕೆಳಗೆ ಎಂಜಿನ್ನಿಗೆ ಹುಟ್ಟಿದ ದಿನ ಇರುತ್ತೆ, ಪಕ್ಕದಲ್ಲಿ ನಿಂತ ಮನುಷ್ಯನಿಗೆ ಬಹಳ ಸಲ ಹೆಸರೂ ಇರಲ್ಲ. ಎಂಜಿನ್ ಎಷ್ಟು ಅಶ್ವಶಕ್ತಿಯದು ಅಂತ ಗೊತ್ತಾಗುತ್ತೆ. ಹಳಿ ವಾರಕ್ಕೆಷ್ಟು ಸಲ ಕುಸಿಯುತ್ತಿತ್ತು, ಅದನ್ನು ಎತ್ತಿ ಮಟ್ಟ ಮಾಡುತ್ತಿದ್ದ ಜನಕ್ಕೆ ಕೂಲಿ ಎಷ್ಟು ಸಿಗುತ್ತಿತ್ತು ಅನ್ನೋದು ಗೊತ್ತಾಗಲ್ಲ. ಜೌಗಿನ ಹಳಿಯ ಮುಖ್ಯ ಸಂಗತಿ ಎಂಜಿನ್ ಅಲ್ಲ, ಹಳಿ. ಮುಳುಗುವ ನೆಲದ ಮೇಲೆ ಅದನ್ನು ಮತ್ತೆ ಮತ್ತೆ ಎತ್ತಿ ಹಾಸಬೇಕಾದ ದುಡಿಮೆ. ಹವ್ಯಾಸಿಯ ಕಣ್ಣು ಬೀಳೋದು ಮಾತ್ರ ಓಡುವ ವಸ್ತುವಿನ ಮೇಲೆ.

ಮ್ಯೂಸಿಯಂ ಸವಾರಿ ಇದೇ ನೋಟದ ಮುಂದಿನ ಹಂತ. ಕೆಲಸದ ಹಳಿಗೆ ಒಂದು ಕೊನೆ ಇರುತ್ತೆ. ಅಲ್ಲಿ ಇಳಿದವನಿಗೆ ಒಂದು ಕೆಲಸ ಕಾದಿರುತ್ತೆ. ಸವಾರಿಯ ಹಳಿಯನ್ನು ಬಾಗಿಸಿ ಸುತ್ತು ಮಾಡಿದ ಕೂಡಲೇ ಆ ಕೊನೆ ಮಾಯ. ಗೋಡೆಯ ಮೇಲೆ ಎಷ್ಟೇ ಒಳ್ಳೆಯ ವಿವರಣೆ ಬರೆದಿದ್ದರೂ ಮಕ್ಕಳು ನೆನಪಿಟ್ಟುಕೊಳ್ಳೋದು ಸುತ್ತನ್ನೇ. ಎಂಟು ವರ್ಷದ ಹುಡುಗ 'ಆಟದ್ದು' ಅಂತ ತೀರ್ಮಾನ ಮಾಡಿದ್ದರಲ್ಲಿ ತಪ್ಪಿಲ್ಲ. ಅವನು ತನ್ನ ಮುಂದಿದ್ದ ಪಠ್ಯವನ್ನು ಸರಿಯಾಗಿಯೇ ಓದಿದ.

ಕಂಪನಿ ಹೇಳಿಸಿದ ಕಥೆ

ಹಾಗಾದರೆ ಜೌಗಿನಲ್ಲಿ ಎಣ್ಣೆ ತೆಗೆಯುವ ಕಥೆಯನ್ನು ದೊಡ್ಡ ಕಲಾವಿದರು ಹೇಗೆ ಹೇಳಿದ್ದಾರೆ? ಹುಡುಕುತ್ತಾ ಹೋದರೆ ಎಲ್ಲರೂ ಮೊದಲು ತೋರಿಸೋದು ಅಮೆರಿಕದ ಒಂದು ಸಿನಿಮಾವನ್ನು. ರಾಬರ್ಟ್ ಫ್ಲಾಹರ್ಟಿ ನಿರ್ದೇಶಿಸಿದ 'ಲೂಸಿಯಾನಾ ಸ್ಟೋರಿ', 1948ರದು. ಜಾಗ ಬೇರೆ, ಲೂಸಿಯಾನಾದ ತಗ್ಗು ಜೌಗು. ಆದರೆ ಈ ಸಿನಿಮಾಕ್ಕೂ ಬೂರ್ಟಾಂಗರ್ ಮೋರ್‌ಗೂ ಒಂದು ನೇರ ನಂಟಿದೆ. ಸಿನಿಮಾಕ್ಕೆ ಎರಡೂವರೆ ಲಕ್ಷ ಡಾಲರಿಗೂ ಹೆಚ್ಚು ಹಣ ಕೊಟ್ಟದ್ದು ನ್ಯೂಜೆರ್ಸಿಯ ಸ್ಟ್ಯಾಂಡರ್ಡ್ ಆಯಿಲ್ ಕಂಪನಿ. ಅದೇ ಕಂಪನಿ 1947ರಲ್ಲಿ ಶೆಲ್ ಜೊತೆ ಅರ್ಧರ್ಧ ಪಾಲಿನಲ್ಲಿ ನೆದರ್‌ಲ್ಯಾಂಡ್ಸ್‌ನ 'ನಾಮ್' ಕಂಪನಿಯನ್ನು ಕಟ್ಟಿತು. ಸ್ಕೋನೆಬೇಕ್‌ನ ಎಣ್ಣೆ ತೆಗೆದದ್ದು ಈ ನಾಮ್. ಸ್ಟ್ಯಾಂಡರ್ಡ್ ಆಯಿಲ್ ಮುಂದೆ ಎಕ್ಸಾನ್ ಆಯಿತು, 1999ರಲ್ಲಿ ಎಕ್ಸಾನ್‌ಮೊಬಿಲ್ ಆಯಿತು. ಅದರ ಜರ್ಮನ್ ಶಾಖೆ ರ್ಯೂಲರ್‌ಮೋರ್ ಕ್ಷೇತ್ರವನ್ನು ಬಹುಕಾಲ ನಡೆಸಿತು. ಒಂದೇ ಮನೆತನದ ಎರಡು ಜೌಗು ಅನ್ನಿ.

ಸಿನಿಮಾ ಚೆನ್ನಾಗಿದೆಯಾ? ತುಂಬಾ ಚೆನ್ನಾಗಿದೆ, ಅದೇ ತೊಂದರೆ. ರಿಚರ್ಡ್ ಲೀಕಾಕ್ ಅವರ ಕ್ಯಾಮೆರಾ ಕಮಲದೆಲೆಗಳ ನಡುವೆ ತೇಲಿಹೋಗುತ್ತೆ. ವರ್ಜಿಲ್ ಥಾಮ್ಸನ್ ಅವರ ಸಂಗೀತಕ್ಕೆ 1949ರ ಪುಲಿಟ್ಜರ್ ಬಹುಮಾನ ಬಂತು. ಹೆಲೆನ್ ವಾನ್ ಡಾಂಗೆನ್ ಅವರ ಸಂಕಲನದಲ್ಲಿ ರಾತ್ರಿಯ ಕೊರೆತದ ದೃಶ್ಯವನ್ನು ನೋಡಿದರೆ ಕಬ್ಬಿಣದ ಸದ್ದು ಮೈಗೆ ತಾಗುತ್ತೆ. ಕೆಲಸವನ್ನು ಇಷ್ಟು ಗೌರವದಿಂದ ತೋರಿಸಿದ ಸಿನಿಮಾ ಕಡಿಮೆ.

ಕಥೆ ಇಷ್ಟು. ಜೌಗಿನಲ್ಲಿ ಒಬ್ಬ ಹುಡುಗ, ಅವನದೊಂದು ಸಾಕಿದ ರಕೂನ್. ತಂದೆ ಕಂಪನಿಗೆ ಒಪ್ಪಂದ ಬರೆದುಕೊಡುತ್ತಾನೆ. ಕೊರೆಯುವ ಗೋಪುರ ನೀರಿನ ಮೇಲೆ ತೇಲಿಕೊಂಡು ಬರುತ್ತೆ. ಬಾವಿ ಒಂದು ಸಲ ಸಿಡಿಯುತ್ತೆ. ದೃಷ್ಟಿ ತೆಗೆಯುವ ಹಾಗೆ ಹುಡುಗ ಗುಟ್ಟಾಗಿ ಬಾವಿಯೊಳಕ್ಕೆ ಉಪ್ಪು ಸುರಿಯುತ್ತಾನೆ. ಕೊನೆಗೆ ಎಣ್ಣೆ ಸಿಗುತ್ತೆ. ಮನೆಗೆ ಹೊಸ ಪಾತ್ರೆ ಬರುತ್ತೆ, ಹುಡುಗನಿಗೆ ಹೊಸ ಬಂದೂಕು. ಗೋಪುರ ಬಂದ ಹಾಗೇ ತೇಲಿಕೊಂಡು ಹೊರಟುಹೋಗುತ್ತೆ. ಬಾವಿಯ ಬಾಯಿಗೆ ಹಾಕಿದ ಕವಾಟದ ಮೇಲೆ ಕೂತು ಹುಡುಗ ಕೈ ಬೀಸುತ್ತಾನೆ. ಕಂಪನಿಯ ಹೆಸರು ಸಿನಿಮಾದಲ್ಲಿ ಎಲ್ಲೂ ಇಲ್ಲ.

ಬಂತು, ಹೋಯಿತು, ನೀರು ಮತ್ತೆ ಮೊದಲಿನಂತೆ. ಸಿನಿಮಾ ನಂಬಿಸಲು ಹೊರಟಿರುವ ಮಾತು ಇದೊಂದೇ, ಮತ್ತು ಇದೊಂದೇ ಮಾತು ಸುಳ್ಳು. ತೇಲುವ ಗೋಪುರಕ್ಕೆ ಆಳವಾದ ನೀರು ಬೇಕು. ಲೂಸಿಯಾನಾದ ಜೌಗಿನಲ್ಲಿ ಎಣ್ಣೆಗಾಗಿ ಸಾವಿರಾರು ಮೈಲಿ ಕಾಲುವೆ ತೋಡಿದರು. ಕಾಲುವೆಗಳಿಂದ ಉಪ್ಪುನೀರು ಒಳಕ್ಕೆ ನುಗ್ಗಿತು, ಗಿಡ ಸತ್ತವು, ದಡ ಕುಸಿಯಿತು. 1932ರಿಂದ 2016ರವರೆಗೆ ಲೂಸಿಯಾನಾದ ಕರಾವಳಿ ಸುಮಾರು 5,200 ಚದರ ಕಿಲೋಮೀಟರ್ ನೆಲ ಕಳೆದುಕೊಂಡಿದೆ. ನಮ್ಮ ಕೊಡಗು ಜಿಲ್ಲೆಗಿಂತ ದೊಡ್ಡದು. ಮಿಸಿಸಿಪ್ಪಿ ನದಿಗೆ ಕಟ್ಟಿದ ಒಡ್ಡುಗಳು, ಚಂಡಮಾರುತ, ಕುಸಿಯುವ ನೆಲ, ಹೀಗೆ ಕಾರಣ ಹಲವು ಇವೆ. ಆದರೆ ಆ ಪಟ್ಟಿಯಲ್ಲಿ ಎಣ್ಣೆಯ ಕಾಲುವೆಗಳೂ ಇವೆ. ಫ್ಲಾಹರ್ಟಿಗೆ 1948ರಲ್ಲಿ ಇದೆಲ್ಲ ಗೊತ್ತಿರಬೇಕಿತ್ತು ಅಂತ ನಾನು ಹೇಳುತ್ತಿಲ್ಲ. 'ಏನೂ ಉಳಿಸದೆ ಹೋಯಿತು' ಅನ್ನೋ ಆ ಕೊನೆಯ ದೃಶ್ಯ ದುಡ್ಡು ಕೊಟ್ಟವರಿಗೆ ಬೇಕಾದ ಕೊನೆ ಆಗಿತ್ತು. ಅಷ್ಟು ದೊಡ್ಡ ಕಲಾವಿದನಿಗೆ ಅದು ಅನುಮಾನ ಹುಟ್ಟಿಸಬೇಕಿತ್ತು.

ಈಗ ಹಳಿಗೆ ಬನ್ನಿ. ಹಳಿ ತೇಲಿ ಬಂದು ತೇಲಿ ಹೋಗಲಾರದು. ಅದನ್ನು ಯಾರೋ ಹೊತ್ತು ತರಬೇಕು, ಹಾಸಬೇಕು, ದಿನಾ ನೋಡಿಕೊಳ್ಳಬೇಕು. ಅದಕ್ಕೇ ಎಣ್ಣೆಯ ಕಥೆ ಹೇಳೋದಕ್ಕೆ ತೇಲುವ ಗೋಪುರಕ್ಕಿಂತ ಹಳಿ ಪ್ರಾಮಾಣಿಕ ಸಾಕ್ಷಿ. ಸಿನಿಮಾಕ್ಕೆ ಬೇಡವಾಗಿದ್ದೂ ಅದೇ ಕಾರಣಕ್ಕೆ ಅಂತ ನನಗನ್ನಿಸುತ್ತೆ.

ಕಥೆಗೊಬ್ಬ ಹುಡುಗ ಯಾಕೆ ಬೇಕು?

ಸಿನಿಮಾ ಮುಗಿದ ಮೇಲೆ ನನಗೆ ಶಾಲೆಯಲ್ಲಿ ಕೇಳಿದ್ದ ಒಂದು ಕಥೆ ನೆನಪಾಯಿತು. ನಿಮ್ಮಲ್ಲಿ ಹಲವರು ಕೇಳಿರುತ್ತೀರಿ. ಅಸ್ಸಾಮಿನ ದಿಗ್ಬಾಯ್. ಅಲ್ಲೂ ರೈಲು, ಒದ್ದೆ ನೆಲ, ಎಣ್ಣೆ, ಮೂರೂ ಇವೆ. 1881ರಲ್ಲಿ ಶುರುವಾದ ಅಸ್ಸಾಂ ರೈಲ್ವೇಸ್ ಅಂಡ್ ಟ್ರೇಡಿಂಗ್ ಕಂಪನಿ ಕಲ್ಲಿದ್ದಲಿಗಾಗಿ ಕಾಡಿನಲ್ಲಿ ಮೀಟರ್ ಗೇಜ್ ಹಳಿ ಹಾಕುತ್ತಿತ್ತು. ಮರ ಎಳೆಯುತ್ತಿದ್ದ ಆನೆಗಳ ಕಾಲಿಗೆ ಎಣ್ಣೆ ಅಂಟಿಕೊಂಡಿತ್ತಂತೆ. ಅದನ್ನು ನೋಡಿದ ಬಿಳಿ ಎಂಜಿನಿಯರ್ ಕೂಲಿಯವನಿಗೆ 'ಡಿಗ್, ಬಾಯ್, ಡಿಗ್' ಅಂತ ಕೂಗಿದನಂತೆ. ಅಗೆ ಹುಡುಗಾ, ಅಗೆ! ಊರಿಗೆ ಅದೇ ಹೆಸರಾಯಿತಂತೆ.

ಬಾವಿ ನಿಜ. 1889ರಲ್ಲಿ ಕೊರೆತ ಶುರುವಾಯಿತು, 1901ರಲ್ಲಿ ಅಲ್ಲಿ ಶುದ್ಧೀಕರಣ ಕಾರ್ಖಾನೆ ಬಂತು. ಎಂಜಿನಿಯರನ ಹೆಸರೂ ದಾಖಲೆಯಲ್ಲಿದೆ: ಡಬ್ಲ್ಯು. ಎಲ್. ಲೇಕ್. ಹೆಸರಿನ ಕಥೆ ಮಾತ್ರ ದಂತಕಥೆ, ಕೇಳೋಕೆ ಚೆನ್ನಾಗಿರುತ್ತೆ ಅಂತ ಉಳಿದುಕೊಂಡದ್ದು. ಚೆನ್ನಾಗಿರೋದು ಯಾಕೆ ಅಂತ ಸ್ವಲ್ಪ ಯೋಚಿಸಿ. ಆ 'ಬಾಯ್' ಬಹುಶಃ ಮೀಸೆ ಬಂದ ಗಂಡಸು. ಮನೆಯಲ್ಲಿ ಮಕ್ಕಳಿದ್ದಿರಬಹುದು. ಕಥೆ ಅವನನ್ನು ಹುಡುಗನನ್ನಾಗಿ ಮಾಡುತ್ತೆ. ಹುಡುಗ ಅಂದ ಮೇಲೆ ಕೂಲಿ ಎಷ್ಟು ಅಂತ ಯಾರೂ ಕೇಳಲ್ಲ.

ಲೂಸಿಯಾನಾದಲ್ಲೂ ಹುಡುಗ, ದಿಗ್ಬಾಯ್‌ನಲ್ಲೂ ಹುಡುಗ. ಬೆರಗಿನ ಕಣ್ಣು ಇರಬೇಕು, ಆದರೆ ಪ್ರಶ್ನೆ ಕೇಳಬಾರದು. ಎಣ್ಣೆಯ ಕಥೆಗಳಿಗೆ ಇಂಥವನೊಬ್ಬ ಬೇಕಾಗುತ್ತಾನೆ. ನನ್ನ ಜೊತೆ ಬಂದ ಹುಡುಗ ಪ್ರಶ್ನೆ ಕೇಳಿದ, ಪುಣ್ಯ.

ಹೆಸರಿದ್ದ ಜನ

ಬೂರ್ಟಾಂಗರ್ ಮೋರ್ ಕಡೆಗೆ ಹಿಂತಿರುಗೋಣ. ಇಲ್ಲಿನ ಜೌಗಿನಲ್ಲಿ ದುಡಿದವರ ಒಂದು ಗುಂಪಿಗೆ ಹೆಸರಿದೆ, ಅವರದೇ ಹಾಡಿದೆ. 1933ರಲ್ಲಿ ನಾಜಿಗಳು ಎಮ್ಸ್‌ಲಾಂಡ್‌ನ ಬೋರ್ಗರ್‌ಮೋರ್, ಎಸ್ಟರ್‌ವೇಗನ್, ನಾಯ್‌ಸುಸ್ಟ್ರುಮ್‌ಗಳಲ್ಲಿ ರಾಜಕೀಯ ಕೈದಿಗಳ ಶಿಬಿರ ತೆರೆದರು. ಯುದ್ಧದ ಹೊತ್ತಿಗೆ ಇಂಥ ಶಿಬಿರಗಳು ಹದಿನೈದಾದವು. ಕೈದಿಗಳ ಕೈಗೆ ಗುದ್ದಲಿ ಕೊಟ್ಟು ಜೌಗನ್ನು ಅಗೆಸಿ ಹೊಲ ಮಾಡಿಸುವುದು ಕೆಲಸ. ಯಂತ್ರ ಬಳಸಬಹುದಿತ್ತು, ಆದರೆ ಉದ್ದೇಶ ಬರೀ ಹೊಲ ಆಗಿರಲಿಲ್ಲ, ಮನುಷ್ಯರನ್ನು ಮುರಿಯೋದೂ ಆಗಿತ್ತು. ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಪತ್ರಕರ್ತ ಕಾರ್ಲ್ ಫಾನ್ ಒಸ್ಸಿಯೆಟ್ಸ್ಕಿ ಎಸ್ಟರ್‌ವೇಗನ್‌ನಲ್ಲಿ ಕೈದಿಯಾಗಿದ್ದರು. ಮುಂದೆ ಯುದ್ಧಕೈದಿಗಳನ್ನು ತಂದರು. ಸೋವಿಯತ್ ಸೈನಿಕರು ಸಾವಿರಾರು ಮಂದಿ ಇಲ್ಲೇ ಸತ್ತರು.

ಬೋರ್ಗರ್‌ಮೋರ್‌ನ ಕೈದಿಗಳು 1933ರ ಆಗಸ್ಟ್‌ನಲ್ಲಿ ಕಟ್ಟಿ ಹಾಡಿದ ಹಾಡು 'ಮೋರ್‌ಜೋಲ್ಡಾಟೆನ್', ಅಂದರೆ 'ಜೌಗಿನ ಸಿಪಾಯಿಗಳು'. ಪದ ಯೋಹಾನ್ ಎಸ್ಸರ್ ಮತ್ತು ವೋಲ್ಫ್‌ಗಾಂಗ್ ಲಾಂಗ್‌ಹೋಫ್ ಅವರದು, ಸ್ವರ ರೂಡಿ ಗೋಗುವೆಲ್ ಅವರದು. ಗುದ್ದಲಿಯೇ ಅವರ ಬಂದೂಕು. ಆ ಹಾಡು ಬೇಗನೆ ಗಡಿ ದಾಟಿ ಯುರೋಪಿನ ತುಂಬಾ ಹರಡಿತು. ನನಗೆ ಇದು ಮುಖ್ಯ ಅನ್ನಿಸೋದು ಇದಕ್ಕೆ: ಜೌಗಿನಲ್ಲಿ ದುಡಿದವರೇ ಜೌಗಿನ ಬಗ್ಗೆ ಹೇಳಿದ ಮಾತು ಇದು. ಕಂಪನಿ ಹೇಳಿಸಿದ್ದಲ್ಲ, ಹವ್ಯಾಸಿ ಬರೆದದ್ದೂ ಅಲ್ಲ. ಇದರಲ್ಲಿ ಬೆರಗಿನ ಕಣ್ಣಿನ ಹುಡುಗನಿಲ್ಲ. 'ನಾವು' ಅನ್ನೋ ಜನ ಇದ್ದಾರೆ.

ಎಣ್ಣೆ ಬಾವಿಯ ಹಳಿಗಳನ್ನು ಕೈದಿಗಳು ಹಾಸಿದರು ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ಓದಬೇಡಿ. ರ್ಯೂಲೆಯ ಎಣ್ಣೆ ಸಿಕ್ಕಿದ್ದೇ ಯುದ್ಧ ಮುಗಿದ ಮೇಲೆ. 1950ರಲ್ಲಿ ಪಶ್ಚಿಮ ಜರ್ಮನಿಯ ಸಂಸತ್ತು ಒಪ್ಪಿದ ಎಮ್ಸ್‌ಲಾಂಡ್ ಯೋಜನೆಯಲ್ಲಿ ಜೌಗನ್ನು ದೊಡ್ಡ ದೊಡ್ಡ ನೇಗಿಲಿನಿಂದ ಉತ್ತು, ರಸ್ತೆ ಹಾಕಿ, ಪೂರ್ವದಿಂದ ಬಂದ ನಿರಾಶ್ರಿತರಿಗೂ ನೆಲೆ ಕೊಟ್ಟರು. ಗ್ರೋಸ್ ಹೆಸೆಪೆಯ ಜೌಗು ಮ್ಯೂಸಿಯಂನಲ್ಲಿ ಎರಡು ಮೀಟರಿಗಿಂತ ಆಳಕ್ಕೆ ಉಳುತ್ತಿದ್ದ ಒಟ್ಟೊಮಾಯರ್ ಕಂಪನಿಯ 'ಮಾಮುಟ್' ನೇಗಿಲು ಇದೆ. ಹೋದರೆ ತಪ್ಪದೆ ನೋಡಿ, ಎದುರಿಗೆ ನಿಂತರೆ ಮಾತೇ ಹೊರಡಲ್ಲ. ಅದು ಬೇರೆ ಕಾಲ, ಬೇರೆ ಕೂಲಿ, ಸ್ವತಂತ್ರ ಜನ. ಆದರೆ ಜೌಗು ಅದೇ. ಒಂದು ಪದರವನ್ನು ಬಿಟ್ಟು ಇನ್ನೊಂದನ್ನು ಮಾತ್ರ ತೋರಿಸಿದರೆ ಸುಳ್ಳು ಹೇಳಿದ ಹಾಗಾಗುತ್ತೆ.

ವಸ್ತು ಒಂದೇ ಆದರೂ ಅದನ್ನು ಎರಡು ಬಗೆಯಲ್ಲಿ ಇಡಬಹುದು. ಹ್ಯಾಂಬರ್ಗ್ ಬಳಿಯ ನಾಯೆನ್‌ಗಾಮೆ ಶಿಬಿರದ ಸ್ಮಾರಕಕ್ಕೆ ಹೋದರೆ ಇಟ್ಟಿಗೆ ಕಾರ್ಖಾನೆಯ ಹತ್ತಿರ ಕಿರಿದಾದ ಹಳಿಯ ತೊಟ್ಟಿ ವ್ಯಾಗನ್ ಕಾಣುತ್ತೆ. ಕೈದಿಗಳು ಜೇಡಿಮಣ್ಣು ತುಂಬಿ ತಳ್ಳುತ್ತಿದ್ದದ್ದು ಇಂಥವನ್ನೇ. ಮಕ್ಕಳು ಕೂರುವ ಸವಾರಿ ಗಾಡಿಗೂ ಇದಕ್ಕೂ ಚಕ್ರದಲ್ಲಿ, ಅಗಲದಲ್ಲಿ ಅಂಥ ವ್ಯತ್ಯಾಸ ಇಲ್ಲ. ಅಲ್ಲಿ ಅದು ಎಲ್ಲಿಗೂ ಓಡುವುದಿಲ್ಲ. ಸುಮ್ಮನೆ ನಿಂತಿದೆ. ಅದನ್ನು ನೋಡಿ 'ಇದು ನಿಜವಾದದ್ದಾ?' ಅಂತ ಯಾವ ಮಗುವೂ ಕೇಳಲಾರದು.

ಎಲ್ಲ ಸವಾರಿಗಳನ್ನೂ ನಿಲ್ಲಿಸಿ ಸ್ಮಾರಕ ಮಾಡಿ ಅಂತ ನನ್ನ ವಾದ ಅಲ್ಲ. ಮಕ್ಕಳು ರೈಲಿನಲ್ಲಿ ನಗಲಿ. ನನ್ನ ಬೇಡಿಕೆ ಚಿಕ್ಕದು: ಹಳಿಗೆ ಅದರ ಕೊನೆಯನ್ನು ವಾಪಸ್ ಕೊಡಿ. ಅರ್ಧ ದಾರಿಯಲ್ಲಿ ರೈಲು ನಿಲ್ಲಿಸಿ. ಒಂದು ಸ್ಲೀಪರನ್ನು ಇಬ್ಬರು ಸೇರಿ ಎತ್ತಿ ನೋಡಲಿ. ಹಳಿ ಇಲ್ಲದ ಕಡೆ ಪೀಟ್ ಮೇಲೆ ಕಾಲಿಡಲಿ, ಬೂಟು ಹೂತುಕೊಳ್ಳಲಿ. ಐದು ನಿಮಿಷ ಸಾಕು, ಹಳಿ ಯಾಕೆ ಬೇಕಿತ್ತು ಅಂತ ಮೈಗೇ ಗೊತ್ತಾಗುತ್ತೆ. ಹವ್ಯಾಸಿ ಬರಹಗಾರರಿಗೂ ಒಂದು ಮಾತು: ಎಂಜಿನ್ ನಂಬರಿನ ಪಕ್ಕದಲ್ಲಿ ಹಳಿ ಎತ್ತುತ್ತಿದ್ದವರ ದಿನಗೂಲಿಯನ್ನೂ ಹುಡುಕಿ ಬರೆಯಿರಿ. ಅಷ್ಟು ಶ್ರದ್ಧೆ ನಿಮ್ಮಲ್ಲಿ ಖಂಡಿತ ಇದೆ.

ಇದು ನಮಗೆ ಯಾಕೆ?

ಹೊರದೇಶದಲ್ಲಿರುವ ಕನ್ನಡಿಗರಲ್ಲಿ ಎಣ್ಣೆಯ ಸಂಬಳದಿಂದ ಮನೆ ಕಟ್ಟಿದವರು ಎಷ್ಟು ಜನ ಇದ್ದಾರೆ! ಕೊಲ್ಲಿಯಲ್ಲಿ, ಹ್ಯೂಸ್ಟನ್‌ನಲ್ಲಿ, ಕ್ಯಾಲ್ಗರಿಯಲ್ಲಿ. ಎಣ್ಣೆಯ ಕಥೆ ನಮಗೆ ಹೊರಗಿನದಲ್ಲ. ನಮ್ಮ ಮಕ್ಕಳಿಗೆ ಅದನ್ನು ಹೇಳುವಾಗ ನಾವು ಯಾವ ಕಥೆ ಹೇಳ್ತೀವಿ? ತೇಲಿ ಬಂದು ತೇಲಿ ಹೋದದ್ದನ್ನಾ, ಇಲ್ಲಾ ಯಾರೋ ಹಾಸಿದ ಹಳಿಯದನ್ನಾ?

ಜೌಗಿನ ಲೆಕ್ಕ ಇನ್ನೂ ಮುಗಿದಿಲ್ಲ. ನೀರು ಬಸಿದು ಒಣಗಿಸಿದ ಪೀಟ್ ಗಾಳಿಗೆ ತೆರೆದುಕೊಂಡು ಕರಗುತ್ತಾ ಇಂಗಾಲದ ಡೈಆಕ್ಸೈಡ್ ಬಿಡುತ್ತೆ. ಜರ್ಮನಿ ಗಾಳಿಗೆ ಬಿಡುವ ಹಸಿರುಮನೆ ಅನಿಲಗಳಲ್ಲಿ ಸುಮಾರು ಶೇಕಡಾ 7 ಹೀಗೆ ಬಸಿದ ಜೌಗುಗಳದ್ದು. ಈಗ ಕಾಲುವೆಗಳಿಗೆ ಅಡ್ಡ ಕಟ್ಟೆ ಹಾಕಿ ಜೌಗಿಗೆ ಮತ್ತೆ ನೀರು ನಿಲ್ಲಿಸುವ ಕೆಲಸ ನಡೀತಿದೆ. ಬೂರ್ಟಾಂಗರ್ ಮೋರ್‌ನಲ್ಲಿ ಉಳಿದ ಭಾಗ ಇವತ್ತು ಎರಡೂ ದೇಶಗಳ ಜಂಟಿ ನಿಸರ್ಗಧಾಮದಲ್ಲಿದೆ. ಅದರ ಆಸುಪಾಸಿನಲ್ಲೇ ಕೋಲೆಬಸವಗಳು ಇನ್ನೂ ತಲೆ ಆಡಿಸುತ್ತಿವೆ.

ಈ ವಸಂತದಲ್ಲಿ ಗೆಳೆಯನ ಮಗನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಟ್ವಿಸ್ಟ್ ಅನ್ನೋ ಊರಿನಲ್ಲಿ ಎಣ್ಣೆ ಮತ್ತು ಅನಿಲದ ಚಿಕ್ಕ ಮ್ಯೂಸಿಯಂ ಇದೆ. ಅದನ್ನು ನೋಡಿಕೊಂಡು ರಸ್ತೆ ಬದಿಯಲ್ಲಿ ಒಂದು ಪಂಪ್ ಕಂಡ ಕಡೆ ಕಾರು ನಿಲ್ಲಿಸಿದೆ. ಬೇಲಿಯ ಹೊರಗೆ ನಿಂತು ಅದು ಏಳೋದು, ಬಾಗೋದು ನೋಡಿದ. ಆಮೇಲೆ ಕೆಳಗೆ ನೋಡಿದ. ರಸ್ತೆ ಅಂಚಿನ ಹುಲ್ಲಿನ ಮೇಲೆ ಒಂದು ಕಾಲಿಟ್ಟ. ಶೂ ಒಳಗೆ ನೀರು ಬಂತು.

"ಆ ಟ್ರೇನ್ ಇಲ್ಲಿಗೆ ಬರ್ತಿತ್ತಾ?" ಅಂತ ಕೇಳಿದ.

"ಇಂಥ ಕಡೆಗೇ ಬರ್ತಿತ್ತು" ಅಂದೆ.

"ಹಾಗಾದ್ರೆ ಅದನ್ನ ಹಾಕಿದವರ ಶೂ?"

ಮನೆಗೆ ಬರುವ ತನಕ ಅದರ ಬಗ್ಗೆಯೇ ಮಾತಾಡಿದೆವು.